ದಾಬಸ್‌ಪೇಟೆ ದಾಟಿದ ಮೇಲೆ: ಬೆಂಗಳೂರು ಗ್ರಾಮಾಂತರ

ಕೇಳುಗರಿಗೆ ನಮಸ್ಕಾರ.

ಚಿತ್ರದುರ್ಗದಲ್ಲಿ ಬೆಂಗಳೂರು ಬಸ್ ಹತ್ತಿದವರು ದಾಬಸ್‌ಪೇಟೆ ಬಂದೊಡನೆ ಚೀಲ ಹುಡುಕತೊಡಗುತ್ತಾರೆ. ಬಂದಿರುವುದು ಬೆಂಗಳೂರಲ್ಲ, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕು.

ಈ ಜಿಲ್ಲೆ ಹುಟ್ಟಿದ್ದು 1986ರಲ್ಲಿ. ಆಗ ಎಂಟು ತಾಲ್ಲೂಕು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಬೇರೆ ಜಿಲ್ಲೆಯಾದವು. ಉಳಿದದ್ದು ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ. ತಮಾಷೆಯೆಂದರೆ, ಬೆಂಗಳೂರು ಗ್ರಾಮಾಂತರ ಎಂಬ ಲೋಕಸಭಾ ಕ್ಷೇತ್ರದಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ. ನಾಲ್ಕೂ ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ ಸೇರಿವೆ.

ನಮ್ಮ ಚಿತ್ರದುರ್ಗದ ಕಡೆಯ ವೇದಾವತಿಯ ನೀರು ತುಂಗಭದ್ರೆಯ ಮೂಲಕ ಕೃಷ್ಣೆಗೆ ಹೋಗುತ್ತದೆ. ದಾಬಸ್‌ಪೇಟೆಯಲ್ಲಿ ಬಲಕ್ಕೆ ಕಾಣುವ ಶಿವಗಂಗೆ ಬೆಟ್ಟದ ಕುಮುದ್ವತಿ ಅರ್ಕಾವತಿಯನ್ನು ಕೂಡಿ ಕಾವೇರಿಗೆ. (ಶಿಕಾರಿಪುರದ ಕಡೆಯ ಕುಮುದ್ವತಿ ಬೇರೆ, ಅದು ತುಂಗಭದ್ರೆಯ ಮಗಳು.) ಅರ್ಕಾವತಿ ನಂದಿ ಬೆಟ್ಟದ್ದು. ಅದೇ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆ ಕೆರೆಗೆ ನೀರುಣಿಸಿ ತಮಿಳುನಾಡಿಗೆ ಇಳಿಯುತ್ತದೆ.

ದೊಡ್ಡಬಳ್ಳಾಪುರದಲ್ಲಿ ಅರ್ಕಾವತಿ ಎಲ್ಲಿದೆ ಎಂದು ಹುಡುಕಿದರೆ ಹೊಳೆ ಸಿಗುವುದಿಲ್ಲ, ಕೆರೆಗಳ ಸಾಲು ಸಿಗುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ನೀರು. ನಡುವೆ ಒಂದು ಕಾಲುವೆ ಮುಚ್ಚಿದರೆ, ಕೆಳಗಿನ ಏರಿ ಎಷ್ಟೇ ಗಟ್ಟಿಯಿದ್ದರೂ ಆ ಕೆರೆ ಬರೀ ಅಂಗಳ. ಕಾಲುವೆ ಒತ್ತುವರಿಯಾಯಿತು, ಹೊಲಗಳಲ್ಲಿ ನೀಲಗಿರಿ ತೋಪು ಎದ್ದಿತು, ಬೋರ್‌ವೆಲ್ ಆಳಕ್ಕಿಳಿದಂತೆ ಮಳೆನೀರು ಹರಿಯುವ ಮೊದಲೇ ಒಣ ನೆಲ ಹೀರಿತು. ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ತಡವಾಗಿತ್ತು. ಜಗಳೂರು, ಚಳ್ಳಕೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದೇ ಅರ್ಕಾವತಿಯನ್ನು ನಂಬಿ 1890ರ ದಶಕದಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿದ್ದರು.

ದೇವನಹಳ್ಳಿಯನ್ನು ಜನ ಕೋಟೆ, ಟಿಪ್ಪು ಹುಟ್ಟಿದ ಜಾಗ, ಚಕ್ಕೋತ ಎಂದು ಗುರುತಿಸುತ್ತಿದ್ದರು. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಚಕ್ಕೋತದ ತೋಟಗಳು ಬಡಾವಣೆಯಾಗತೊಡಗಿದವು. ಈಗ ಅಲ್ಲಿನ ಕೆರೆಗಳಿಗೆ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ ಪಂಪಿನಲ್ಲಿ ಏರಿಸುತ್ತಾರೆ. ಕುಡಿಯಲಿಕ್ಕಲ್ಲ, ನೇರ ಗದ್ದೆಗೂ ಅಲ್ಲ. ಇಂಗಿ ಬೋರ್‌ವೆಲ್ಲಿಗೆ ಸಿಗಲಿ ಎಂದು. ಮೂರನೇ ಹಂತವೂ ಆಗಲಿ ಎಂದು ರೈತರು ಕೇಳುತ್ತಲೇ ಇದ್ದಾರೆ.