ಲಕ್ವ ಹೊಡೆದವರಿಗೆ ನೀರು ಕುಡಿಸುವ ಮುನ್ನ

ಮನೆಯಲ್ಲಿ ಯಾರಿಗಾದರೂ ಪಾರ್ಶ್ವವಾಯುವಾದಾಗ ಆಂಬುಲೆನ್ಸ್ ಬರುವ ಮೊದಲೇ ಯಾರೋ ಒಬ್ಬರು ಲೋಟದಲ್ಲಿ ನೀರು ತಂದು, ಮಲಗಿದವರ ತಲೆಯನ್ನು ತುಸು ಎತ್ತಿ, ಬಾಯಿಗೆ ಹನಿಸಿಬಿಡುತ್ತಾರೆ. ಪ್ರೀತಿಯಿಂದಲೇ ಮಾಡುವ ಈ ಕೆಲಸ ಶ್ವಾಸಕೋಶಕ್ಕೆ ದೊಡ್ಡ ಅಪಾಯ ತರಬಹುದು. ನಮ್ಮ ದೊಡ್ಡಮ್ಮನ ಎಡಭಾಗಕ್ಕೆ ಲಕ್ವ ಹೊಡೆದ ಮೇಲೆ ಅವರ ಊಟ ತಿಂಡಿಯ ಹೊಣೆ ನನ್ನ ಪಾಲಿಗೆ ಬಂತು. ನುಂಗುವುದರ ಬಗ್ಗೆ ಆಗ ಆಸ್ಪತ್ರೆಯಲ್ಲಿ ಕೇಳಿ, ನೋಡಿ, ಮಾಡಿ ತಿಳಿದುಕೊಂಡದ್ದನ್ನು ಈ ವಿಡಿಯೊದಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಗಂಟಲಿನಲ್ಲಿ ಉಸಿರಿನ ದಾರಿಯೂ ಅನ್ನದ ದಾರಿಯೂ ಒಂದನ್ನೊಂದು ಹಾದುಹೋಗುತ್ತವೆ. ಶ್ವಾಸನಾಳ ಮುಂದಿದೆ, ಅನ್ನನಾಳ ಅದರ ಹಿಂದಿದೆ. ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳಿದೊಡನೆ ಮೃದು ಅಂಗುಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಜರುಗುತ್ತದೆ. ಧ್ವನಿತಂತುಗಳು ಒಂದಕ್ಕೊಂದು ಅಂಟಿ ಶ್ವಾಸನಾಳದ ಬಾಗಿಲು ಹಾಕುತ್ತವೆ. ಉಸಿರು ಕ್ಷಣಕಾಲ ನಿಲ್ಲುತ್ತದೆ. ಅಷ್ಟರಲ್ಲಿ ಅನ್ನನಾಳದ ಬಾಯಿ ತೆರೆದು ತುತ್ತನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಗಂಟಲಿನಲ್ಲಿ ಇಷ್ಟೆಲ್ಲ ನಡೆಯಲು ಸುಮಾರು ಒಂದು ಸೆಕೆಂಡು ಸಾಕು. ನಿಮ್ಮ ಕುತ್ತಿಗೆಯ ಮುಂಭಾಗದ ಉಬ್ಬಿನ ಮೇಲೆ ಬೆರಳಿಟ್ಟು ಎಂಜಲು ನುಂಗಿ ನೋಡಿ, ಅದು ಮೇಲೆ ಹೋಗಿ ಕೆಳಗಿಳಿಯುವುದು ಬೆರಳಿಗೇ ತಿಳಿಯುತ್ತದೆ.

ಇದನ್ನೆಲ್ಲ ನಡೆಸುವುದು ಮೆದುಳು ಮತ್ತು ಅದರಿಂದ ಹೊರಟ ನರಗಳು. ಪಾರ್ಶ್ವವಾಯುವಿನಲ್ಲಿ ಪೆಟ್ಟು ಬೀಳುವುದು ಮೆದುಳಿಗೇ ಆದ್ದರಿಂದ, ಕೈಕಾಲು ಸೋತಂತೆಯೇ ಗಂಟಲೂ ಸೋಲಬಹುದು. ಲಕ್ವ ಹೊಡೆದವರಲ್ಲಿ ಸರಿಸುಮಾರು ಅರ್ಧದಷ್ಟು ಜನರಿಗೆ ಮೊದಲ ದಿನಗಳಲ್ಲಿ ನುಂಗುವ ತೊಂದರೆ ಇರುತ್ತದೆ. ಕೈ ಎತ್ತಲಾಗದಿದ್ದರೆ ಎದುರಿಗಿದ್ದವರಿಗೆ ಕಾಣುತ್ತದೆ, ಗಂಟಲ ಬಾಗಿಲು ಅರೆತೆರೆದೇ ಉಳಿದಿದ್ದರೆ ಯಾರಿಗೂ ಕಾಣುವುದಿಲ್ಲ. ನೀರು, ಎಂಜಲು, ಅನ್ನದ ಅಗುಳು ಶ್ವಾಸನಾಳಕ್ಕೆ ಇಳಿದರೆ ಬಾಯಿಯಲ್ಲಿನ ಬ್ಯಾಕ್ಟೀರಿಯಾಗಳೂ ಜೊತೆಯಲ್ಲೇ ಇಳಿಯುತ್ತವೆ, ಅದರಿಂದ ನ್ಯುಮೋನಿಯಾ ಬರಬಹುದು. ಪಾರ್ಶ್ವವಾಯುವಿನಿಂದ ಬದುಕುಳಿದವರನ್ನು ಆಮೇಲೆ ಬಲಿ ತೆಗೆದುಕೊಳ್ಳುವ ಕಾರಣಗಳಲ್ಲಿ ಇದು ಮುಖ್ಯವಾದದ್ದು.

ನೀರು ನೆತ್ತಿಗೇರಿದರೆ ಕೆಮ್ಮು ಬರುತ್ತದೆ, ಕೆಮ್ಮದಿದ್ದರೆ ಎಲ್ಲವೂ ಸರಿಯಾಗಿದೆ ಎಂದು ನಾವು ನಂಬುತ್ತೇವೆ. ಆದರೆ ಗಂಟಲಿನ ಸಂವೇದನೆಯೇ ಮಂಕಾದವರಲ್ಲಿ ನೀರು ಶ್ವಾಸಕೋಶಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ಊಟವಾದ ಮೇಲೆ ಧ್ವನಿ ಗೊರಗೊರ ಎನ್ನುವುದು, ತುತ್ತು ಕೆನ್ನೆಯೊಳಗೇ ಉಳಿಯುವುದು, ಊಟಕ್ಕೆ ಮೊದಲಿಗಿಂತ ಬಹಳ ಹೊತ್ತು ಹಿಡಿಯುವುದು, ಮತ್ತೆ ಮತ್ತೆ ಜ್ವರ ಬರುವುದು, ತೂಕ ಇಳಿಯುವುದು, ಇವೆಲ್ಲ ಗಮನಿಸಲೇಬೇಕಾದ ಲಕ್ಷಣಗಳು. ಅದಕ್ಕಾಗಿಯೇ ಆಸ್ಪತ್ರೆಯಲ್ಲಿ ನುಂಗುವ ಪರೀಕ್ಷೆಯಾಗುವವರೆಗೆ ಬಾಯಿಗೆ ನೀರಾಗಲಿ ಮಾತ್ರೆಯಾಗಲಿ ಏನನ್ನೂ ಹಾಕಬಾರದೆಂದು ಹೇಳುತ್ತಾರೆ. ಪರೀಕ್ಷೆ ಮಾಡುವವರು ಹೆಚ್ಚಾಗಿ ಸ್ಪೀಚ್ ಥೆರಪಿಸ್ಟ್‌ಗಳು. ಮಾತಿಗೂ ನುಂಗುವುದಕ್ಕೂ ಬಳಕೆಯಾಗುವ ಅಂಗಗಳು ಬಹುತೇಕ ಒಂದೇ ಆದ್ದರಿಂದ ಈ ಕೆಲಸ ಅವರದ್ದಾಗಿದೆ.

ಈಗ ನೀವು ನೋಡುತ್ತಿರುವುದು ನಮ್ಮ ಅಡುಗೆಮನೆ. ಹಳೇ ಮೈಸೂರು ಭಾಗದ ಎಷ್ಟೋ ಮನೆಗಳಂತೆ ಇಲ್ಲಿಯೂ ರಾಗಿ ಮುದ್ದೆಯಿಲ್ಲದೆ ಊಟ ಮುಗಿಯುವುದಿಲ್ಲ. ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಬೇಕು. ಅಗಿದರೆ ಹಲ್ಲಿಗೆ ಅಂಟುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಆರೋಗ್ಯವಂತ ಗಂಟಲಿಗೆ ಇದು ಕಷ್ಟದ ಕೆಲಸವಲ್ಲ. ಸೋತ ಗಂಟಲಿಗೆ ಮಾತ್ರ, ಅಂಟುವ ಗುಣದ, ದೊಡ್ಡ ಗಾತ್ರದ, ಅಗಿಯದ ತುತ್ತು ಉಸಿರು ಕಟ್ಟಿಸುವಷ್ಟು ಅಪಾಯಕಾರಿ. ದೊಡ್ಡಮ್ಮ ಪ್ರತಿ ಮಧ್ಯಾಹ್ನ "ಒಂದೇ ಒಂದ್ ತುತ್ತು ಕೊಡ್ರಪ್ಪ" ಎಂದು ಕೇಳುವಾಗ ಇಲ್ಲವೆನ್ನುವುದು ಮನೆಯವರಿಗೆಲ್ಲ ಸಂಕಟದ ಮಾತಾಗಿತ್ತು.

ರಾಗಿಯನ್ನು ಬಿಡಬೇಕಾಗಿಲ್ಲ, ಅದರ ಹದವನ್ನು ಬದಲಿಸಬೇಕು. ಅದಕ್ಕೊಂದು ಅಳತೆಯಿದೆ. ಆಹಾರ ಮತ್ತು ಪಾನೀಯಗಳ ದಪ್ಪವನ್ನು ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಪದ್ಧತಿ 0ಯಿಂದ 7ರವರೆಗಿನ ಹಂತಗಳಾಗಿ ವಿಂಗಡಿಸಿದೆ. ತಿಳಿನೀರು 0, ಮಾಮೂಲಿ ಗಟ್ಟಿ ಊಟ 7. ನನ್ನ ಕೈಯಲ್ಲಿರುವುದು ಸೂಜಿಯಿಲ್ಲದ 10 ಮಿಲಿಲೀಟರ್ ಸಿರಿಂಜ್. ಸೊನ್ನೆಯಿಂದ 10ರ ಗೆರೆಯವರೆಗಿನ ಉದ್ದ 61.5 ಮಿಲಿಮೀಟರ್ ಇರುವುದನ್ನೇ ಆರಿಸಿಕೊಳ್ಳಬೇಕು, ಬೇರೆ ಅಳತೆಯದಾದರೆ ಲೆಕ್ಕ ತಪ್ಪುತ್ತದೆ. ಒಳಗಿನ ಕಡ್ಡಿಯನ್ನು ತೆಗೆದು, ಕೆಳಗಿನ ತೂತನ್ನು ಬೆರಳಿನಿಂದ ಮುಚ್ಚಿ, ಸೋಸಿದ ರಾಗಿ ಗಂಜಿಯನ್ನು 10ರ ಗೆರೆಯವರೆಗೆ ತುಂಬಿಸುತ್ತೇನೆ. ಬೆರಳು ತೆಗೆದು ಸರಿಯಾಗಿ 10 ಸೆಕೆಂಡು ಬಿಟ್ಟು ಮತ್ತೆ ಮುಚ್ಚುತ್ತೇನೆ. ಒಳಗೆ 1ರಿಂದ 4 ಮಿಲಿಲೀಟರ್ ಉಳಿದರೆ ಅದು ಒಂದನೇ ಹಂತ, 4ರಿಂದ 8 ಉಳಿದರೆ ಎರಡನೆಯದು, 8ಕ್ಕಿಂತ ಹೆಚ್ಚು ಉಳಿದು ತುಸುವೇ ಇಳಿದರೆ ಮೂರನೆಯದು. ದೊಡ್ಡಮ್ಮನಿಗೆ ಎರಡನೇ ಹಂತವನ್ನು ಹೇಳಿದ್ದರು, ಈ ಗಂಜಿ ಆ ಹದಕ್ಕೆ ಬಂದಿದೆ.

ಗಂಜಿ ಆರಿದಂತೆ ಗಟ್ಟಿಯಾಗುತ್ತದೆ, ಆದ್ದರಿಂದ ಕುಡಿಸುವಾಗ ಎಷ್ಟು ಬಿಸಿಯಿರುತ್ತದೋ ಅಷ್ಟೇ ಬಿಸಿಯಲ್ಲಿ ಅಳೆಯಬೇಕು. ಇನ್ನೊಂದು ಸೂಕ್ಷ್ಮವಿದೆ: ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಬಾಯಿಗಿಟ್ಟ ಚಮಚವನ್ನೇ ಮತ್ತೆ ಮತ್ತೆ ಬಟ್ಟಲಿಗೆ ಅದ್ದುತ್ತಿದ್ದರೆ ಗಂಜಿ ಕ್ರಮೇಣ ನೀರಾಗುತ್ತದೆ, ಅಳತೆ ಮಾಡಿ ತಂದ ಹದ ಊಟ ಮುಗಿಯುವಷ್ಟರಲ್ಲಿ ಕೈತಪ್ಪುತ್ತದೆ. ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಬಗ್ಗಿಸಿಕೊಂಡು ಕುಡಿಸುವುದು ಲೇಸು.

ತಿಳಿಸಾರಿನ ಅನ್ನ, ನೀರು ಮಜ್ಜಿಗೆ ಕಲಸಿದ ಅನ್ನ, ಹಾಲಿನಲ್ಲಿ ನೆನೆಸಿದ ಅವಲಕ್ಕಿ ಮೆತ್ತಗಿವೆಯೆಂದು ಕಾಯಿಲೆಯವರಿಗೆ ಕೊಡುವುದುಂಟು. ಒಂದೇ ತುತ್ತಿನಲ್ಲಿ ಅಗುಳೂ ನೀರೂ ಇದ್ದಾಗ ಅಗುಳನ್ನು ಅಗಿಯುತ್ತಿರುವಾಗಲೇ ನೀರು ಮುಂದೆ ಜಾರಿ ಗಂಟಲಿಗೆ ಇಳಿಯುವುದರಿಂದ, ಸೋತ ಗಂಟಲಿಗೆ ಇವು ಇನ್ನೂ ಕಠಿಣ. ಗಟ್ಟಿ ಮೊಸರಿನಲ್ಲಿ ಅನ್ನವನ್ನು ನುಣ್ಣಗೆ ಕಿವುಚಿ ಒಂದೇ ಹದಕ್ಕೆ ತಂದರೆ ಎಷ್ಟೋ ಮೇಲು, ಅದನ್ನೂ ಥೆರಪಿಸ್ಟ್ ಒಪ್ಪಿದ ಮೇಲೆಯೇ ಕೊಡಬೇಕು.

ಊಟ ಕೊಡುವಾಗ ಬೆನ್ನು ನೆಟ್ಟಗಿರಬೇಕು, ಊಟವಾದ ಮೇಲೂ ಅರ್ಧ ಗಂಟೆ ಹಾಗೆಯೇ ಕೂರಿಸಬೇಕು. ಗದ್ದವನ್ನು ಎದೆಯ ಕಡೆಗೆ ಬಾಗಿಸಿ ನುಂಗುವುದು ಕೆಲವರಿಗೆ ನೆರವಾಗುತ್ತದೆ, ಎಲ್ಲರಿಗೂ ಅಲ್ಲ. ಮಾತ್ರೆಯನ್ನು ಪುಡಿ ಮಾಡಿ ಕೊಡುವ ಮುಂಚೆ ವೈದ್ಯರನ್ನು ಕೇಳಲೇಬೇಕು, ಏಕೆಂದರೆ ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಮ್ಮೆಗೇ ಮೈಸೇರುತ್ತದೆ. ಇವೆಲ್ಲಕ್ಕಿಂತ ಕಡೆಗಣನೆಗೆ ಒಳಗಾಗಿರುವುದು ಬಾಯಿಯ ಶುಚಿ ಎಂಬುದು ನನ್ನ ಅಭಿಪ್ರಾಯ. ಎಂಜಲು ಒಂದಿಷ್ಟು ತಪ್ಪು ದಾರಿಗೆ ಇಳಿಯುವುದನ್ನು ಯಾವ ಎಚ್ಚರಿಕೆಯಿಂದಲೂ ಪೂರ್ತಿ ತಡೆಯಲಾಗದು; ಆ ಎಂಜಲಿನಲ್ಲಿ ರೋಗಾಣು ಕಡಿಮೆಯಿರುವಂತೆ ಹಲ್ಲು, ನಾಲಿಗೆ, ಹಲ್ಲುಸೆಟ್ಟನ್ನು ದಿನವೂ ಉಜ್ಜಿ ತೊಳೆಯುವುದು ನಮ್ಮ ಕೈಯಲ್ಲಿದೆ.

ಗಂಟಲಿಗೆ ಬೇಗ ಜಾರದಿರಲೆಂದು ಹೀಗೆ ದಪ್ಪ ಮಾಡಿದ ನೀರನ್ನು ಯಾರೂ ಇಷ್ಟಪಟ್ಟು ಕುಡಿಯುವುದಿಲ್ಲ. ಕುಡಿಯುವುದು ಕಡಿಮೆಯಾಗಿ ಮೈಯಲ್ಲಿ ನೀರಿನಂಶ ಇಳಿಯುತ್ತದೆ, ಮೂತ್ರದ ಸೋಂಕು, ಮಲಬದ್ಧತೆ ಬರುತ್ತವೆ. ಆದ್ದರಿಂದ ಒಮ್ಮೆ ಹೇಳಿದ ಹಂತವನ್ನು ತಿಂಗಳುಗಟ್ಟಲೆ ಹಾಗೆಯೇ ಮುಂದುವರಿಸಬಾರದು. ಅನೇಕರ ಗಂಟಲು ಮೊದಲ ಕೆಲವು ವಾರಗಳಲ್ಲೇ ಬಹಳಷ್ಟು ಚೇತರಿಸಿಕೊಳ್ಳುತ್ತದೆ, ಚೇತರಿಕೆ ಎಲ್ಲಿಗೆ ಬಂದಿದೆ ಎಂಬುದು ಮರುಪರೀಕ್ಷೆಯಿಂದ ಮಾತ್ರ ಗೊತ್ತಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು, ಕೇಳುವಿಕೆಯ ಜೊತೆಗೆ ನುಂಗುವ ತೊಂದರೆಯನ್ನೂ ನೋಡುತ್ತಾರೆ. ಬೇರೆ ಊರುಗಳವರು ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ, ಯಾವ ಹಂತದ ಆಹಾರ ಕೊಡಬೇಕು, ಮರುಪರೀಕ್ಷೆ ಯಾವಾಗ ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ.