ಗ್ಲಾಕೋಮಾ ಥರ ಕಾಣುವ ಮೆದುಳಿನ ಗಡ್ಡೆ: ಚಾರ್ಟ್‌ನಲ್ಲಿ ಗೆರೆ ಯಾವ ಕಡೆ?

ಕಣ್ಣಿನೊಳಗಿನ ಒತ್ತಡ ನಾರ್ಮಲ್ ಮಿತಿಯಾದ 21ರ (mmHg) ಒಳಗೇ ಇದೆ, ಆದರೂ ಡಾಕ್ಟರು ಗ್ಲಾಕೋಮಾ, ಅಂದರೆ ಕಣ್ಣಿನ ನರ ಸವೆಯುವ ಕಾಯಿಲೆ, ಅನ್ನುತ್ತಾರೆ. ಹೀಗೂ ಇರುತ್ತದಾ ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಇರುತ್ತದೆ, ನಾರ್ಮಲ್ ಟೆನ್ಷನ್ ಗ್ಲಾಕೋಮಾ ಅಂತ. ಆದರೆ ಅಪರೂಪಕ್ಕೊಮ್ಮೆ ಅದರ ವೇಷದಲ್ಲಿ ಮೆದುಳಿನ ಗಡ್ಡೆ ಬಂದಿರುತ್ತದೆ.

ಬೇಸಿಕ್ಸ್ ಬೇಗ ಮುಗಿಸೋಣ. ಕಣ್ಣಿನಿಂದ ಮೆದುಳಿಗೆ ಹೋಗುವ ಆಪ್ಟಿಕ್ ನರದಲ್ಲಿ ಸುಮಾರು 10 ಲಕ್ಷ ಎಳೆಗಳಿವೆ. ಗ್ಲಾಕೋಮಾದಲ್ಲಿ ಅವು ಸತ್ತಂತೆಲ್ಲ ನರದ ಬುಡದ ಗುಳಿ, ಅಂದರೆ ಕಪ್, ದೊಡ್ಡದಾಗುತ್ತದೆ. ಪಿಟ್ಯುಟರಿಯ (ಮೆದುಳಿನ ಬುಡದ ಹಾರ್ಮೋನ್ ಗ್ರಂಥಿ) ಗಡ್ಡೆಯೋ ಮೆನಿಂಜಿಯೋಮಾನೋ (ಮೆದುಳಿನ ಹೊದಿಕೆಯ ಗಡ್ಡೆ) ಹಿಂದಿನಿಂದ ಒತ್ತಿದರೂ ಎಳೆಗಳು ಸಾಯುತ್ತವೆ. ಆಗಲೂ ಕೆಲವೊಮ್ಮೆ ಇದೇ ಗುಳಿ!

ಈಗ ನನ್ನ ಫೇವರಿಟ್ ಭಾಗ.

[ಪರದೆಯಲ್ಲಿ: ಎರಡು ಫೀಲ್ಡ್ ಟೆಸ್ಟ್ ಚಾರ್ಟ್]

ಬೆಳಕಿನ ಚುಕ್ಕಿ ಕಂಡಾಗ ಬಟನ್ ಒತ್ತುವ ಟೆಸ್ಟ್ ಗೊತ್ತಲ್ವಾ? ಕಂಡಿತಾ, ಸುಮ್ನೆ ಅನ್ನಿಸಿತಾ ಅನ್ನೋ ಗೊಂದಲದಲ್ಲೇ ಅರ್ಧ ಟೆಸ್ಟ್ ಮುಗಿದಿರುತ್ತದೆ. ಅದರ ಚಾರ್ಟ್ ನೋಡಿ. ಗ್ಲಾಕೋಮಾದ ಕಪ್ಪು ಕಲೆ ಸಾಮಾನ್ಯವಾಗಿ ಅಡ್ಡಗೆರೆಗೆ ಬಂದು ನಿಲ್ಲುತ್ತದೆ. ಯಾಕಂದರೆ ರೆಟಿನಾದ, ಅಂದರೆ ಕಣ್ಣಿನ ಹಿಂಬದಿಯ ಪರದೆಯ, ಮೇಲಿನ ಎಳೆಗಳು, ಕೆಳಗಿನ ಎಳೆಗಳು ಆ ಗೆರೆ ದಾಟುವುದಿಲ್ಲ.

ಪಿಟ್ಯುಟರಿ ಗಡ್ಡೆಯದು ಲಂಬಗೆರೆಗೆ ನಿಲ್ಲುತ್ತದೆ. ಪಿಟ್ಯುಟರಿಯ ಮೇಲ್ಗಡೆಯೇ ಎರಡೂ ಕಣ್ಣಿನ ನರಗಳು ಸೇರುವ ಜಾಗ, ಕಯಾಸ್ಮಾ. ಅಲ್ಲಿ ಮೂಗಿನ ಕಡೆಯ ರೆಟಿನಾದ ಎಳೆಗಳು ಆಚೆ ಬದಿಗೆ ದಾಟುತ್ತವೆ. ಅವು ನೋಡುವುದು ಹೊರಬದಿಯ ನೋಟ. ಗಡ್ಡೆ ನಡುವೆ ಒತ್ತಿದರೆ ಮೊದಲ ಪೆಟ್ಟು ಅವಕ್ಕೇ. ಹಾಗಾಗಿ ಎಡಗಣ್ಣಿನ ಚಾರ್ಟ್‌ನಲ್ಲಿ ಎಡಕ್ಕೆ ಕಪ್ಪು, ಬಲಗಣ್ಣಿನದರಲ್ಲಿ ಬಲಕ್ಕೆ. ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ! ಒಂದು ಕಾಗದ ನೋಡಿ ತಲೆಯೊಳಗೆ ಎಲ್ಲಿ ಒತ್ತುತ್ತಿದೆ ಅಂತ ಊಹಿಸಬಹುದು. ನನಗಂತೂ ಇದು ಪತ್ತೇದಾರಿಗಿಂತ ರೋಚಕ.

ಆದರೆ ಗಡ್ಡೆ ಕಯಾಸ್ಮಾ ಬಿಟ್ಟು ಒಂದೇ ನರವನ್ನು ಒತ್ತಿದರೆ ಚಾರ್ಟ್ ಇಷ್ಟು ನೀಟಾಗಿರಲ್ಲ.

ಟೈಮ್ ಆಯಿತು, ಗಡ್ಡೆ ಇರಬಹುದು ಅನ್ನುವ ಉಳಿದ ಸುಳಿವುಗಳು ಒಟ್ಟಿಗೇ. ಗುಳಿ ದೊಡ್ಡದಾದ ಪ್ರಮಾಣಕ್ಕಿಂತ ಅದರ ಅಂಚು ಜಾಸ್ತಿ ಬಿಳಿಚಿಕೊಂಡಿರುವುದು, ಬಣ್ಣ ಮಾಸಿದಂತೆ ಕಾಣುವುದು, ನೇರ ನೋಟವೇ ಬೇಗ ಮಂಜಾಗುವುದು, ವಯಸ್ಸು 50ಕ್ಕಿಂತ ಕಡಿಮೆ ಇರುವುದು, ಜೊತೆಗೆ ತಲೆನೋವು, ಮುಟ್ಟು ನಿಲ್ಲುವುದು. ಇಂಥವು ಕಂಡರೆ ಡಾಕ್ಟರು ಎಂಆರ್‌ಐ ಬರೆಯುತ್ತಾರೆ.

ಹಾಗಂತ ಗ್ಲಾಕೋಮಾ ಇರುವವರೆಲ್ಲ ಸ್ಕ್ಯಾನ್‌ಗೆ ಓಡಬೇಡಿ. ಬಹುಪಾಲು ಜನರಿಗೆ ಇರುವುದು ಗ್ಲಾಕೋಮಾನೇ. ಡ್ರಾಪ್ಸ್ ಅಂತೂ ನೀವಾಗಿಯೇ ನಿಲ್ಲಿಸಬೇಡಿ. ಒತ್ತಡ ಹತೋಟಿಯಲ್ಲಿದ್ದೂ ನೋಟ ಬೇಗ ಬೇಗ ಕುಗ್ಗುತ್ತಿದ್ದರೆ ಹಳೆಯ ಚಾರ್ಟ್‌ಗಳನ್ನೆಲ್ಲ ತಗೊಂಡು ಹೋಗಿ ಡಾಕ್ಟರ ಮುಂದೆ ಇಡಿ.