ತೆಳು ತಗಡಿನಲ್ಲಿ ಕ್ಲಿಂಚ್ ನಟ್

ಕೇಳುಗರೇ, ನಮಸ್ಕಾರ.

18 ಗೇಜ್ ತಗಡು ಅಂದರೆ ಸುಮಾರು 1.2 ಮಿ.ಮೀ. ದಪ್ಪ. ಎಂ4, ಅಂದರೆ 4 ಮಿ.ಮೀ. ವ್ಯಾಸದ ಸ್ಕ್ರೂವಿನ ಎಳೆಗೂ ಎಳೆಗೂ 0.7 ಮಿ.ಮೀ. ಅಂತರ. ಆ ತಗಡಿಗೆ ನೇರವಾಗಿ ಟ್ಯಾಪ್ ಹಾಕಿ ಥ್ರೆಡ್ ಕೊರೆದರೆ ಎರಡು ಎಳೆಯೂ ಪೂರ್ತಿ ಸಿಗುವುದಿಲ್ಲ; ನಾಲ್ಕು ಸಲ ಬಿಚ್ಚಿ ಹಾಕುವಷ್ಟರಲ್ಲಿ ಥ್ರೆಡ್ ಕಿತ್ತುಹೋಗುತ್ತದೆ. ಇಂಥ ಕಡೆಗೆ ಬೇಕಾದದ್ದು ಕ್ಲಿಂಚ್ ನಟ್, ಅಂದರೆ ತಗಡಿನ ತೂತಿಗೆ ಒತ್ತಿ ಕಾಯಂ ಆಗಿ ಕೂರಿಸುವ ನಟ್.

ಒಂದು ನಟ್ಟನ್ನು ಬೆಳಕಿಗೆ ಹಿಡಿದು ಅದರ ಬುಡ ನೋಡಿ. ಹಲ್ಲುಹಲ್ಲಾದ ಒಂದು ಉಂಗುರ, ಅದಕ್ಕೆ ಅಂಟಿದಂತೆ ಸುತ್ತಲೂ ಕೊರೆದ ಸಣ್ಣ ಗ್ರೂವ್. ಪ್ರೆಸ್‌ನಲ್ಲಿ ಒತ್ತಿದಾಗ ಉಂಗುರ ತಗಡಿನ ಲೋಹವನ್ನು ಗ್ರೂವ್‌ನೊಳಗೆ ತಳ್ಳುತ್ತದೆ. ಗ್ರೂವ್ ತುಂಬಿಕೊಂಡರೆ ನಟ್ ಕಳಚುವುದಿಲ್ಲ, ಹಲ್ಲು ಕಚ್ಚಿದರೆ ತಿರುಗುವುದಿಲ್ಲ.

ಹಾಗಾಗಿ ತೂತಿನ ಅಂಚಿನ ಲೋಹವೇ ಇಲ್ಲಿ ಬಂಡವಾಳ. ಎಂ4ಗೆ ತೂತು 5.4 ಮಿ.ಮೀ.; ಹೆಚ್ಚೆಂದರೆ 0.08 ದೊಡ್ಡದಿರಬಹುದು, ಚಿಕ್ಕದಿರಲೇಬಾರದು. ಕೈ ಡ್ರಿಲ್ಲಿನ ತೂತು ಈ ಅಳತೆಯಲ್ಲಿ ನಿಲ್ಲುವುದು ಕಷ್ಟ. ಅಂಚಿನಲ್ಲಿ ಉಳಿಯುವ ಚೂಪು ಲೋಹವನ್ನು, ಅಂದರೆ ಬರ್ ಅನ್ನು, ತೆಗೆಯುತ್ತೇವೆಂದು ಅಂಚನ್ನು ಓರೆಯಾಗಿ ಕೆರೆದು ಕೌಂಟರ್‌ಸಿಂಕ್ ಮಾಡುವವರಿದ್ದಾರೆ, ದಯವಿಟ್ಟು ಮಾಡಬೇಡಿ. ಗ್ರೂವ್ ತುಂಬಬೇಕಾದ ಲೋಹವನ್ನೇ ಕೆರೆದು ಎಸೆದಂತಾಗುತ್ತದೆ, ನಟ್ ಸುಮ್ಮನೆ ಸುತ್ತುತ್ತದೆ. ತೂತು ಹೊಡೆಯುವಾಗ ಪಂಚ್ ಇಳಿದ ಬದಿಯಿಂದಲೇ ನಟ್ ಕೂರಿಸಿ. ತೂತಿನ ನಡುವಿನಿಂದ ತಗಡಿನ ಅಂಚಿಗೆ 6.9 ಮಿ.ಮೀ. ಆದರೂ ಇರಲಿ, ಇಲ್ಲದಿದ್ದರೆ ಅಂಚು ಉಬ್ಬುತ್ತದೆ.

ನಟ್ ತಗಡಿಗಿಂತ ಗಡುಸಾಗಿರಲೇಬೇಕು. 304 ಸ್ಟೇನ್‌ಲೆಸ್ ತಗಡಿಗೆ ಮಾಮೂಲಿ ಸ್ಟೇನ್‌ಲೆಸ್ ನಟ್ ಒತ್ತಿದರೆ ನಟ್ಟೇ ನಜ್ಜಾಗುತ್ತದೆ. ಅದಕ್ಕೆಂದೇ ಹದಗೊಳಿಸಿದ ಗಡಸು ನಟ್ ಬರುತ್ತದೆ, ಅದನ್ನೇ ಕೇಳಿ ತನ್ನಿ.

ಸುತ್ತಿಗೆ ಏಟು ಬೇಡ. ಏಟು ಬಿದ್ದರೆ ಲೋಹಕ್ಕೆ ಹರಿಯಲು ಪುರುಸೊತ್ತಿರುವುದಿಲ್ಲ, ನಟ್ ಓರೆಯಾಗಿ ಕೂರುತ್ತದೆ. ಪ್ರೆಸ್ಸಿನಲ್ಲಿ ಮೇಲಿಂದ ಒತ್ತುವ ಪಂಚೂ ಕೆಳಗಿನ ಅಡಿಗಟ್ಟೂ ಸಮತಲವಾಗಿ, ಒಂದಕ್ಕೊಂದು ಸಮಾನಾಂತರವಾಗಿರಬೇಕು. ಉಕ್ಕಿನ ತಗಡಿನಲ್ಲಿ ಎಂ4ಗೆ ಸುಮಾರು 18ರಿಂದ 27 ಕಿಲೋನ್ಯೂಟನ್, ಅಂದರೆ ಹತ್ತಿರಹತ್ತಿರ ಎರಡರಿಂದ ಎರಡೂಮುಕ್ಕಾಲು ಟನ್ ಬಲ ಬೇಕು. ನಟ್ಟಿನ ಭುಜ, ಅಂದರೆ ಅದರ ಅಗಲ ಮೈಯ ತಳ, ತಗಡಿಗೆ ತಾಗಿದ ಕೂಡಲೇ ನಿಲ್ಲಿಸಿ. ಅದಕ್ಕೂ ಮೀರಿ ಒತ್ತಿದರೆ ಥ್ರೆಡ್ ಹಿಂಡಿಕೊಂಡು ಸ್ಕ್ರೂ ಒಳಗೇ ಹೋಗುವುದಿಲ್ಲ.

ಇನ್ನು ಜೋಡಣೆ. ಬಿಗಿಯಬೇಕಾದ ಭಾಗ ನಟ್ ಇರುವ ಬದಿಗೆ ಬೇಡ, ತಗಡಿನ ಇನ್ನೊಂದು ಬದಿಗೆ ಬರಲಿ. ಆಗ ಸ್ಕ್ರೂ ಬಿಗಿದಷ್ಟೂ ನಟ್ ತಗಡಿಗೇ ಒತ್ತಿಕೊಳ್ಳುತ್ತದೆ. ಆ ಭಾಗದ ತೂತು ಸ್ಕ್ರೂ ಸಲೀಸಾಗಿ ತೂರುವ 4.5 ಮಿ.ಮೀ. ಇದ್ದರೆ ಸಾಕು. ಅಲ್ಲಿ ದೊಡ್ಡ ತೂತು ಬಿಟ್ಟರೆ ನಟ್ಟಿನ ಸುತ್ತಲ ತಗಡಿಗೆ ಆಸರೆ ಇರುವುದಿಲ್ಲ. ಸ್ಪ್ಯಾನರ್ ಹಾಕಿ ಬಿಗಿದಾಗ ನಟ್ ತಗಡನ್ನು ಗುಳಿಬೀಳಿಸಿಕೊಂಡು ಆ ತೂತಿನೊಳಗೇ ನುಗ್ಗುತ್ತದೆ.